ಹೊರದೇಶದಲ್ಲಿ ಹಲ್ಲು ನೋವು: ಅಲ್ಲೇ ತೋರಿಸಬೇಕಾ, ಊರಿಗೆ ಬರುವವರೆಗೆ ಕಾಯಬೇಕಾ?

ಗುಮ್ಮಟದೂರಿನ ಹುಡುಗಿ, ಮ್ಯಾಂಚೆಸ್ಟರ್

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದವಳು. ಇಲ್ಲಿಗೆ ಬಂದು ಮೂರು ವರ್ಷ ಆಯಿತು. ಕೆಳಗಿನ ಎಡಗಡೆ ದವಡೆ ಹಲ್ಲಿಗೆ ಕಾಲೇಜಿನಲ್ಲಿದ್ದಾಗ ಸಿಮೆಂಟ್ ತುಂಬಿಸಿದ್ದೆ. ಹೋದ ತಿಂಗಳು ಅಮ್ಮ ಕಳಿಸಿದ ಖಡಕ್ ರೊಟ್ಟಿ ಕಡಿಯುವಾಗ ಅದು ಕಿತ್ತು ಬಂತು. ಮೊದಲು ತಣ್ಣೀರು ತಾಗಿದರೆ ಜುಮ್ ಅನ್ನುತ್ತಿತ್ತು ಅಷ್ಟೇ. ಈಗ ರಾತ್ರಿ ಮಲಗಿದರೆ ನೋವು ಕಿವಿವರೆಗೆ ಏರುತ್ತದೆ. ಹೋದ ವಾರ ಗಲ್ಲ ಸ್ವಲ್ಪ ಊದಿತ್ತು, ಎರಡು ದಿನ ಬಿಟ್ಟು ತಾನೇ ಇಳಿಯಿತು.

ಪ್ರೈವೇಟ್ ಕ್ಲಿನಿಕ್ಕಿನಲ್ಲಿ ಕೇಳಿದೆ. ರೂಟ್ ಕೆನಾಲ್‌ಗೆ (ಹಲ್ಲಿನ ಒಳಗಿನ ನರ ತೆಗೆದು ಸ್ವಚ್ಛ ಮಾಡಿ ಮುಚ್ಚುವುದು) 850 ಪೌಂಡ್, ಕ್ಯಾಪ್‌ಗೆ 750, ಒಟ್ಟು 1,600. ನಮ್ಮ ಲೆಕ್ಕದಲ್ಲಿ ಒಂದೂಮುಕ್ಕಾಲು ಲಕ್ಷ ದಾಟುತ್ತದೆ. ಎನ್‌ಎಚ್‌ಎಸ್ ಅಂದರೆ ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆ, ಅದರ ಕ್ಲಿನಿಕ್‌ಗಳಿಗೆ ಫೋನ್ ಮಾಡಿದೆ, ಹದಿನಾಲ್ಕು ಕಡೆ. ಎಲ್ಲರದ್ದೂ ಒಂದೇ ಉತ್ತರ, ಹೊಸ ಪೇಷೆಂಟ್ ತಗೊಳ್ಳುತ್ತಿಲ್ಲ. ಕೆಲಸದ ವೀಸಾಕ್ಕೆ ಬದಲಾಗುವಾಗ ವರ್ಷಕ್ಕೆ 1,035 ಪೌಂಡಿನಂತೆ ಹೆಲ್ತ್ ಸರ್ಚಾರ್ಜ್ ಕಟ್ಟಿದ್ದೇನೆ, ಆದರೂ ಹಲ್ಲಿಗೆ ಮಾತ್ರ ಬಾಗಿಲು ತೆರೆಯುತ್ತಿಲ್ಲ. ಇದು ನನಗೆ ತುಂಬಾ ಬೇಜಾರು ತಂದಿದೆ.

ಜನವರಿಯಲ್ಲಿ ಸಿದ್ಧೇಶ್ವರ ಜಾತ್ರೆಗೆ ಊರಿಗೆ ಬರುತ್ತಿದ್ದೇನೆ, ಹತ್ತೊಂಬತ್ತು ದಿನ ರಜೆ ಸಿಕ್ಕಿದೆ. ಅದಕ್ಕೆ ಇನ್ನೂ ಎರಡು ತಿಂಗಳು. ಅಲ್ಲಿವರೆಗೆ ಗುಳಿಗೆ ನುಂಗಿ ತಡೆದುಕೊಂಡು ಊರಲ್ಲೇ ಮಾಡಿಸಲಾ? ಹತ್ತೊಂಬತ್ತು ದಿನ ಸಾಕಾಗುತ್ತಾ? ಹೀಗೆ ಮಾಡಿಸಿದವರು ದಯವಿಟ್ಟು ಹೇಳಿ.

ಜಮಖಂಡಿಯವ, ದುಬೈ

ತಂಗಿ, ಗಲ್ಫ್‌ನಲ್ಲಿರುವ ನಾವೆಲ್ಲ ಹಲ್ಲಿನ ಕೆಲಸ ಊರಲ್ಲೇ ಮಾಡಿಸುವುದು. ಕಂಪನಿ ಕೊಟ್ಟ ಸಾದಾ ಇನ್ಶೂರೆನ್ಸ್‌ನಲ್ಲಿ ಹಲ್ಲು ಬರುವುದು ಅಪರೂಪ. ನನ್ನ ರೂಮಿನಲ್ಲಿ ಆರು ಜನ ಇದ್ದೇವೆ, ಆರೂ ಜನ ವರ್ಷಕ್ಕೊಮ್ಮೆ ರಜೆಗೆ ಹೋದಾಗಲೇ ಬಾಯಿ ತೋರಿಸುತ್ತೇವೆ. ಆದರೆ ನಾನು ಮಾಡಿದ ತಪ್ಪು ನೀವು ಮಾಡಬೇಡಿ, ಅದಕ್ಕೇ ಬರೆಯುತ್ತಿದ್ದೇನೆ.

ಮೂರು ವರ್ಷದ ಹಿಂದೆ ಒಂದು ತಿಂಗಳ ರಜೆಗೆ ಬಂದೆ. ಅಕ್ಕನ ಮಗಳ ಮದುವೆ, ಹೊಲದ ಕೆಲಸ, ಕಬ್ಬಿನ ಬಿಲ್ಲು, ಹೀಗೆ ದಿನ ಹೋದವು. ಹಲ್ಲು ನೆನಪಾಗಿದ್ದು ವಿಮಾನಕ್ಕೆ ಎರಡು ದಿನ ಇರುವಾಗ. ಒಂದು ಕ್ಲಿನಿಕ್ಕಿಗೆ ಹೋದೆ. ಇಷ್ಟು ದಿನದಲ್ಲಿ ರೂಟ್ ಕೆನಾಲ್ ಆಗುವುದಿಲ್ಲ, ಕೀಳುವುದೊಂದೇ ದಾರಿ ಅಂದರು. ಕೀಳಿಸಿದೆ. ದುಬೈಗೆ ಇಳಿದ ಮರುದಿನದಿಂದ ಎಂಥ ನೋವು ಅಂದರೆ, ಹಲ್ಲು ಇದ್ದಾಗಲೂ ಅಷ್ಟು ಇರಲಿಲ್ಲ. ಕಿತ್ತ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ನಿಲ್ಲಬೇಕಂತೆ, ಅದು ಕಳಚಿ ಎಲುಬು ಬಯಲಾಗಿತ್ತು. ಡ್ರೈ ಸಾಕೆಟ್ ಅನ್ನುತ್ತಾರೆ. ನನಗೆ ಸಿಗರೇಟ್ ಚಟ ಬೇರೆ ಇತ್ತು, ಅದರಿಂದ ಇನ್ನೂ ಹೆಚ್ಚಾಯಿತು ಅಂತ ಅಲ್ಲಿಯ ಡಾಕ್ಟರ್ ಹೇಳಿದರು. ನಾಲ್ಕು ದಿನ ಕೆಲಸಕ್ಕೆ ಹೋಗಲಿಲ್ಲ. ಆ ಸಂಬಳವೂ ಹೋಯಿತು, ಕ್ಲಿನಿಕ್ಕಿನ ದುಡ್ಡೂ ಹೋಯಿತು, ಉಳಿಸಬಹುದಿದ್ದ ಹಲ್ಲೂ ಹೋಯಿತು.

ಇನ್ನೊಂದು ಮಾತು, ಗಲ್ಫ್‌ಗೆ ಮರಳುವವರಿಗೆ. ಊರಲ್ಲಿ ಹಲ್ಲು ಕಿತ್ತ ಮೇಲೆ ಕೆಲವೊಮ್ಮೆ ಟ್ರಮಾಡಾಲ್ ಇರುವ ನೋವಿನ ಗುಳಿಗೆ ಬರೆದುಕೊಡುತ್ತಾರೆ. ಯುಎಇಯಲ್ಲಿ ಅದು ನಿಯಂತ್ರಿತ ಔಷಧಿ. ಅನುಮತಿ ಇಲ್ಲದೆ ಬ್ಯಾಗಿನಲ್ಲಿ ಸಿಕ್ಕರೆ ದೊಡ್ಡ ತೊಂದರೆ. ಕೊಡೀನ್ ಇರುವ ಗುಳಿಗೆಯೂ ಅಷ್ಟೇ. ಡಾಕ್ಟರ್‌ಗೆ ಮೊದಲೇ ಹೇಳಿ ಬೇರೆ ಗುಳಿಗೆ ಬರೆಸಿಕೊಳ್ಳಿ.

ಹಲ್ಲಿನ ಡಾಕ್ಟರ್, ಬೆಳಗಾವಿ

ಮ್ಯಾಂಚೆಸ್ಟರ್ ತಂಗಿಗೆ ನೇರವಾಗಿ ಹೇಳುತ್ತೇನೆ. ಎರಡು ತಿಂಗಳು ಕಾಯಬೇಡಿ.

ಗಲ್ಲ ಊದಿ ತಾನೇ ಇಳಿಯಿತು ಅಂದಿರಲ್ಲ, ವಾಸಿಯಾಗಿದೆ ಅಂತ ತಿಳಿಯಬೇಡಿ. ಕೀವು ಎಲ್ಲೋ ಒಂದು ದಾರಿ ಹುಡುಕಿಕೊಂಡಿದೆ ಅಷ್ಟೇ. ಮಲಗಿದಾಗ ನೋವು ಏರುವುದು, ಕಿವಿಗೆ ಹರಿಯುವುದು, ಇವೆಲ್ಲ ನರ ಸಾಯುತ್ತಿರುವ ಅಥವಾ ಸತ್ತಿರುವ ಲಕ್ಷಣ. ಬಾಯಿಯೊಳಗೆ ನೋಡದೆ ಇದಕ್ಕಿಂತ ಜಾಸ್ತಿ ಹೇಳಲಾರೆ.

ಆಂಟಿಬಯೋಟಿಕ್ ನುಂಗಿ ತಳ್ಳೋಣ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಊರಿಂದ ಬರುವವರ ಕೈಯಲ್ಲಿ ತರಿಸಿಕೊಳ್ಳುವವರೂ ಇದ್ದಾರೆ. ಗುಳಿಗೆ ಕೆಲಸ ಮಾಡುವುದು ರಕ್ತದ ಮೂಲಕ. ಸತ್ತ ನರದ ಒಳಗೆ ರಕ್ತವೇ ಹರಿಯುವುದಿಲ್ಲ. ಹಾಗಾಗಿ ಸುತ್ತಲಿನ ಊತ ಇಳಿದರೂ ಹಲ್ಲಿನ ಒಳಗಿನ ಸೋಂಕು ಅಲ್ಲೇ ಇರುತ್ತದೆ, ಗುಳಿಗೆ ನಿಲ್ಲಿಸಿದ ಕೆಲವು ವಾರಕ್ಕೆ ಮತ್ತೆ ಏಳುತ್ತದೆ. ಹಲ್ಲು ತೆರೆದು ಒಳಗೆ ಸ್ವಚ್ಛ ಮಾಡಲೇಬೇಕು, ಇಲ್ಲ ಕೀಳಬೇಕು.

ಅದಕ್ಕೇ ನನ್ನ ಸಲಹೆ ಇದು. ಸೋಂಕನ್ನು ಅಲ್ಲೇ ನಿಲ್ಲಿಸಿ, ಉಳಿದದ್ದನ್ನು ಇಲ್ಲಿ ಮುಗಿಸಿ. ಅಲ್ಲಿ ತುರ್ತು ಚಿಕಿತ್ಸೆಯಲ್ಲಿ ಹಲ್ಲು ತೆರೆದು, ನರ ತೆಗೆದು, ಔಷಧಿ ಇಟ್ಟು, ಮೇಲೆ ತಾತ್ಕಾಲಿಕ ಫಿಲ್ಲಿಂಗ್ ಹಾಕಿಸಿಕೊಳ್ಳಿ. ಜನವರಿಯಲ್ಲಿ ಬಂದು ರೂಟ್ ಕೆನಾಲ್ ಪೂರ್ತಿ ಮಾಡಿಸಿ ಕ್ಯಾಪ್ ಹಾಕಿಸಿ. ತಾತ್ಕಾಲಿಕ ಫಿಲ್ಲಿಂಗ್ ತಿಂಗಳುಗಟ್ಟಲೆ ಬಾಳುವುದಲ್ಲ. ಸ್ವಲ್ಪ ಗಟ್ಟಿ ಸಾಮಾನು ಹಾಕಿ ಅಂತ ಬಾಯಿಬಿಟ್ಟು ಕೇಳಿ, ಆ ಕಡೆ ಅಗಿಯಬೇಡಿ.

ಇದರ ನಡುವೆ ಮತ್ತೆ ಗಲ್ಲ ಊದಿ ಜ್ವರ ಬಂದರೆ, ಬಾಯಿ ತೆರೆಯಲು ಆಗದಿದ್ದರೆ, ಉಗುಳು ನುಂಗಲು ಕಷ್ಟವಾದರೆ, ಊತ ಕಣ್ಣಿನ ಕಡೆಗೋ ಗಂಟಲ ಕಡೆಗೋ ಹರಿದರೆ, ಆಗ ಕ್ಲಿನಿಕ್ ಹುಡುಕುತ್ತಾ ಕೂರಬೇಡಿ. ಸೀದಾ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ದವಡೆ ಹಲ್ಲಿನ ಕೀವು ಗಂಟಲಿಗೆ ಇಳಿದು ಉಸಿರು ಕಟ್ಟಿಸಬಹುದು. ಹೆದರಿಸಲು ಹೇಳುತ್ತಿಲ್ಲ.

ಗೋಕಾಕದ ನರ್ಸ್, ಲೆಸ್ಟರ್

ಡಾಕ್ಟರ್ ಹೇಳಿದ್ದು ಸರಿ. ಇಂಗ್ಲೆಂಡಿನ ದಾರಿ ನಾನು ಹೇಳುತ್ತೇನೆ.

ಮೊದಲು ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಫೋನ್ ಮಾಡಿ. ಹಲ್ಲು ನೋವು, ಹೋದ ವಾರ ಊತ ಇತ್ತು, ರಾತ್ರಿ ನಿದ್ದೆ ಇಲ್ಲ, ಹೀಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ನಮ್ಮವರು ಸಂಕೋಚದಿಂದ "ಸ್ವಲ್ಪ ನೋವಿದೆ" ಅಂದುಬಿಡುತ್ತಾರೆ, ಆಮೇಲೆ ಸರದಿಯಲ್ಲಿ ಹಿಂದೆ ಬೀಳುತ್ತಾರೆ. ತುರ್ತು ಅಪಾಯಿಂಟ್‌ಮೆಂಟ್‌ಗೆ ಯಾವ ಕ್ಲಿನಿಕ್ಕಿನಲ್ಲೂ ನಿಮ್ಮ ಹೆಸರು ಮೊದಲೇ ಇರಬೇಕಾಗಿಲ್ಲ. 2025ರ ಏಪ್ರಿಲ್‌ನಲ್ಲಿ ನಿಗದಿಯಾದ ಅದರ ದರ 27.40 ಪೌಂಡ್.

ಎರಡನೆಯದು, ಎನ್‌ಎಚ್‌ಎಸ್ ದರ ಮೂರು ಮಟ್ಟದಲ್ಲಿದೆ. ಇವೂ 2025ರ ಏಪ್ರಿಲ್‌ನಲ್ಲಿ ನಿಗದಿಯಾದ ದರಗಳು. ಪರೀಕ್ಷೆ, ಎಕ್ಸ್‌ರೇ ಇಂಥವಕ್ಕೆ ಅದೇ 27.40. ಫಿಲ್ಲಿಂಗ್, ರೂಟ್ ಕೆನಾಲ್, ಹಲ್ಲು ಕೀಳುವುದು ಎರಡನೇ ಮಟ್ಟ, 75.30. ಕ್ಯಾಪ್, ಬ್ರಿಡ್ಜ್ (ಅಕ್ಕಪಕ್ಕದ ಹಲ್ಲಿನ ಆಧಾರದಲ್ಲಿ ಕೂರಿಸುವ ಕೃತಕ ಹಲ್ಲು), ದಂತಪಂಕ್ತಿ (ಕಟ್ಟಿಸುವ ಹಲ್ಲಿನ ಸೆಟ್) ಮೂರನೇ ಮಟ್ಟ, 326.70. ಇಲ್ಲಿ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇದೆ. ಒಂದೇ ಚಿಕಿತ್ಸೆಯ ಸುತ್ತಿನಲ್ಲಿ ಎಷ್ಟೇ ಕೆಲಸ ಇದ್ದರೂ ಎಲ್ಲಕ್ಕಿಂತ ಮೇಲಿನ ಮಟ್ಟದ ದರ ಒಂದೇ ಸಲ ಕೊಡಬೇಕು. ಆ ದರದಲ್ಲಿ ನಿಮ್ಮ ರೂಟ್ ಕೆನಾಲೂ ಕ್ಯಾಪೂ ಸೇರಿ 326.70ಕ್ಕೆ ಮುಗಿಯುತ್ತದೆ. 1,600 ಎಲ್ಲಿ, ಇದು ಎಲ್ಲಿ ನೋಡಿ! ಈ ದರ ಇಂಗ್ಲೆಂಡಿನದು ಮಾತ್ರ, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನ ಪದ್ಧತಿ ಬೇರೆ.

ಮನೆ ಹತ್ತಿರದ ಕ್ಲಿನಿಕ್ಕೇ ಆಗಬೇಕು ಅಂತ ನಿಯಮ ಇಲ್ಲ. ರೈಲಿನಲ್ಲಿ ಒಂದು ಗಂಟೆ ದೂರದ ಸಣ್ಣ ಊರಲ್ಲಿ ಜಾಗ ಖಾಲಿ ಇರಬಹುದು. ನನಗೆ ಸಿಕ್ಕಿದ್ದು ಹಾಗೇ. ಸೋಮವಾರ ಬೆಳಿಗ್ಗೆ ಕ್ಲಿನಿಕ್ ತೆರೆಯುವ ಹೊತ್ತಿಗೇ ಫೋನ್ ಮಾಡಿ, ಯಾರಾದರೂ ಅಪಾಯಿಂಟ್‌ಮೆಂಟ್ ಬಿಟ್ಟರೆ ನನ್ನನ್ನು ಕರೆಯಿರಿ ಅಂತ ನಂಬರ್ ಕೊಟ್ಟಿಡಿ. ಮ್ಯಾಂಚೆಸ್ಟರ್‌ನಲ್ಲಿ ಯೂನಿವರ್ಸಿಟಿ ಡೆಂಟಲ್ ಹಾಸ್ಪಿಟಲ್ ಕೂಡ ಇದೆ. ಅಲ್ಲಿಯ ವಿದ್ಯಾರ್ಥಿಗಳು ಹಿರಿಯರ ಕಣ್ಣೆದುರು ಚಿಕಿತ್ಸೆ ಕೊಡುತ್ತಾರೆ. ಹೊಸ ಪೇಷೆಂಟ್ ತಗೊಳ್ಳುತ್ತಿದ್ದಾರಾ ಅಂತ ವಿಚಾರಿಸಿ. ಸಮಯ ಜಾಸ್ತಿ ಹಿಡಿಯುತ್ತದೆ, ದುಡ್ಡು ಉಳಿಯುತ್ತದೆ.

ಇದನ್ನು ಓದುವ ಬೇರೆ ಹೆಣ್ಣುಮಕ್ಕಳಿಗೂ ಒಂದು ಮಾತು. ಗರ್ಭಿಣಿಯರಿಗೆ ಮತ್ತು ಹೆರಿಗೆಯಾಗಿ 12 ತಿಂಗಳವರೆಗೆ ಎನ್‌ಎಚ್‌ಎಸ್ ಹಲ್ಲಿನ ಚಿಕಿತ್ಸೆ ಉಚಿತ. ನನ್ನ ಗೆಳತಿಗೆ ಇದು ಗೊತ್ತಾಗಿದ್ದು ಮಗುವಿಗೆ ಒಂದೂವರೆ ವರ್ಷ ತುಂಬಿದ ಮೇಲೆ.

ಗುಮ್ಮಟದೂರಿನ ಹುಡುಗಿ, ಮ್ಯಾಂಚೆಸ್ಟರ್

ತುಂಬಾ ಧನ್ಯವಾದ. ನಾಳೆ ಬೆಳಿಗ್ಗೆಯೇ 111ಕ್ಕೆ ಮಾಡುತ್ತೇನೆ. ಪ್ರೈವೇಟ್ ಕ್ಲಿನಿಕ್ಕಿನಲ್ಲಿ ತೆಗೆದ ಎಕ್ಸ್‌ರೇ ನನ್ನ ಬಳಿ ಇಲ್ಲ, ಕೇಳಿದರೆ ಕೊಡುತ್ತಾರಾ?

ಟಿಳಕವಾಡಿ, ಈಗ ನ್ಯೂ ಜೆರ್ಸಿ

ಕೊಡುತ್ತಾರೆ, ಕೇಳಿ. ಫೋಟೋ ಹೊಡೆದದ್ದಲ್ಲ, ಮೂಲ ಫೈಲೇ ಇಮೇಲ್‌ನಲ್ಲಿ ತರಿಸಿಕೊಳ್ಳಿ. ಇದಕ್ಕೆ ಸೇರಿದ ನನ್ನ ಅನುಭವ ಒಂದಿದೆ.

ಬೆಳಗಾವಿಯಲ್ಲಿ ನನಗೆ ಚೀಟಿಯಲ್ಲಿ "16, ಕ್ಯಾಪ್ ಬೇಕು" ಅಂತ ಬರೆದುಕೊಟ್ಟಿದ್ದರು. ನಮ್ಮಲ್ಲಿ ಹಲ್ಲಿಗೆ ಎರಡಂಕಿ ನಂಬರ್. ಮೊದಲ ಅಂಕಿ ಬಾಯಿಯ ಯಾವ ಮೂಲೆ ಅಂತ, ಎರಡನೆಯದು ಮಧ್ಯದಿಂದ ಎಷ್ಟನೇ ಹಲ್ಲು ಅಂತ. 16 ಅಂದರೆ ಮೇಲಿನ ಬಲಗಡೆಯ ಮೊದಲ ದೊಡ್ಡ ದವಡೆ ಹಲ್ಲು. ಅಮೆರಿಕದಲ್ಲಿ 1ರಿಂದ 32ರವರೆಗೆ ಸಾಲಾಗಿ ಎಣಿಸುತ್ತಾರೆ. ಅವರ 16 ಅಂದರೆ ಮೇಲಿನ ಎಡಗಡೆಯ ಬುದ್ಧಿ ಹಲ್ಲು. ಚೀಟಿ ನೋಡಿದ ಇಲ್ಲಿಯ ಅಸಿಸ್ಟೆಂಟ್ ನನ್ನ ಎಡಗಡೆ ಬುದ್ಧಿ ಹಲ್ಲನ್ನೇ ಪರೀಕ್ಷೆ ಮಾಡಿಸಲು ಹೊರಟಿದ್ದಳು. ನೋವಿದ್ದ ಕಡೆ ಬಲ ಅಂತ ನಾನು ತೋರಿಸಿದ ಮೇಲೆ ಗೊಂದಲ ಬಗೆಹರಿಯಿತು. ನಿಮ್ಮ ಎಡಗಡೆ ಕೆಳಗಿನ ಮೊದಲ ದವಡೆ ಹಲ್ಲು ನಮ್ಮಲ್ಲಿ 36, ಅಮೆರಿಕದಲ್ಲಿ 19. ಅಮೆರಿಕದಲ್ಲಿರುವ ನಮ್ಮವರು ಊರಲ್ಲಿ ಚೀಟಿ ಬರೆಸುವಾಗ ನಂಬರ್ ಜೊತೆ "ಕೆಳಗಿನ ಎಡ, ಮೊದಲ ದವಡೆ" ಅಂತ ಮಾತಿನಲ್ಲೂ ಬರೆಸಿಕೊಳ್ಳಿ.

ಅಮೆರಿಕದ ಖರ್ಚಿನ ಮಾತು. ಇಲ್ಲಿ ಹಲ್ಲಿನ ಇನ್ಶೂರೆನ್ಸ್ ಬೇರೆಯೇ. ಸಾಮಾನ್ಯವಾಗಿ ಪರೀಕ್ಷೆ, ಕ್ಲೀನಿಂಗ್ ಪೂರ್ತಿ ಕೊಡುತ್ತಾರೆ, ಫಿಲ್ಲಿಂಗ್‌ಗೆ ನೂರರಲ್ಲಿ ಎಂಬತ್ತು, ಕ್ಯಾಪ್‌ಗೆ ಐವತ್ತು. ಅದಕ್ಕೂ ಮೇಲೆ ವರ್ಷದ ಮಿತಿ ಇರುತ್ತದೆ, ಬಹಳ ಪ್ಲಾನ್‌ಗಳಲ್ಲಿ 1,000ದಿಂದ 2,000 ಡಾಲರ್. ಒಂದು ದವಡೆ ಹಲ್ಲಿನ ಕೆಲಸಕ್ಕೆ ವರ್ಷದ ಮಿತಿ ಮುಗಿದೇ ಹೋಗುತ್ತದೆ. ನಾನು ನವೆಂಬರ್‌ನಲ್ಲಿ ರೂಟ್ ಕೆನಾಲ್, ಜನವರಿಯಲ್ಲಿ ಕ್ಯಾಪ್ ಮಾಡಿಸಿ ಎರಡು ವರ್ಷದ ಮಿತಿ ಬಳಸಿಕೊಂಡೆ. ಡಾಕ್ಟರ್ ಒಪ್ಪಿದರೆ ಮಾತ್ರ ಹೀಗೆ ಮಾಡಿ. ಇನ್ನು ಪಾಲಿಸಿ ತಗೊಳ್ಳುವ ಮುಂಚೆಯೇ ಬಿದ್ದುಹೋದ ಹಲ್ಲಿಗೆ ಕೆಲವು ಪ್ಲಾನ್‌ಗಳು ಒಂದು ಡಾಲರೂ ಕೊಡುವುದಿಲ್ಲ, ಸಹಿ ಹಾಕುವ ಮುಂಚೆ ಓದಿ. ಇನ್ಶೂರೆನ್ಸ್ ಇಲ್ಲದವರಿಗೆ ಡೆಂಟಲ್ ಕಾಲೇಜುಗಳಿವೆ, ಆದಾಯ ನೋಡಿ ದರ ಇಳಿಸುವ ಕಮ್ಯುನಿಟಿ ಹೆಲ್ತ್ ಸೆಂಟರ್‌ಗಳೂ ಇವೆ. ವಿದ್ಯಾರ್ಥಿಗಳಾಗಿ ಬಂದ ಮಕ್ಕಳು ಅಲ್ಲಿಗೆ ಹೋಗಲು ನಾಚಬೇಡಿ.

ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರು ಇದನ್ನು ಓದಿ. ನನ್ನ ಅಮ್ಮ ಆರು ತಿಂಗಳಿಗೆ ಬಂದರು. ಬಂದ ಮೂರನೇ ವಾರ ಕರದಂಟು ತಿನ್ನುವಾಗ ಹಳೇ ಬ್ರಿಡ್ಜ್ ಕಳಚಿತು. ಟ್ರಾವೆಲ್ ಇನ್ಶೂರೆನ್ಸ್‌ಗೆ ಫೋನ್ ಮಾಡಿದರೆ, ಹಲ್ಲಿಗೆ ತುರ್ತು ನೋವು ಶಮನ ಮಾತ್ರ, ಬ್ರಿಡ್ಜ್ ಬರುವುದಿಲ್ಲ ಅಂದರು. ಉಳಿದ ಐದು ತಿಂಗಳು ಅಮ್ಮ ಒಂದೇ ಕಡೆ ಅಗಿದರು. ಮೆತ್ತನೆಯ ಅನ್ನ, ಸಾರು, ಇಷ್ಟೇ. ನನಗೆ ಇವತ್ತಿಗೂ ಅದು ಕೊರೆಯುತ್ತದೆ. ವೀಸಾ ಬಂದ ದಿನವೇ ಅವರನ್ನು ಹಲ್ಲಿನ ಡಾಕ್ಟರ್ ಹತ್ತಿರ ಕಳಿಸಿದ್ದರೆ ಮುಗಿಯುತ್ತಿತ್ತು.

ಹುನಗುಂದ ತಾಲೂಕು, ಈಗ ಸ್ಟುಟ್‌ಗಾರ್ಟ್

ನಮ್ಮ ಕಡೆಯವರಿಗೇ ಇರುವ ಒಂದು ತೊಂದರೆ ಹೇಳುತ್ತೇನೆ. ನಮ್ಮ ಹಳ್ಳಿಯಲ್ಲಿ ಬೋರ್‌ವೆಲ್ ನೀರು ಕುಡಿದು ಬೆಳೆದವನು ನಾನು. ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆ, ಅಲ್ಲಲ್ಲಿ ಸುಣ್ಣದಂಥ ಬಿಳಿ ಚುಕ್ಕೆ. ಹುನಗುಂದ, ಇಳಕಲ್ ಕಡೆ ಇಂಥ ಹಲ್ಲಿನವರು ಎಷ್ಟೋ ಜನ ಇದ್ದೇವೆ. ಊರಲ್ಲಿ ಯಾರೂ ಅದನ್ನು ಕೇಳುವುದಿಲ್ಲ. ಜರ್ಮನಿಗೆ ಬಂದ ಮೇಲೆ ನಗುವಾಗ ಬಾಯಿ ಮುಚ್ಚಿಕೊಳ್ಳುವುದನ್ನು ಕಲಿತೆ. ಮೀಟಿಂಗ್‌ನಲ್ಲಿ ಕ್ಯಾಮೆರಾ ಆರಿಸಿ ಕೂರುತ್ತಿದ್ದೆ. ಸಿಗರೇಟ್ ಸೇದುತ್ತೀರಾ ಅಂತ ಎರಡು ಸಲ ಕೇಳಿದರು. ನಾನು ಜೀವಮಾನದಲ್ಲಿ ಸೇದಿಲ್ಲ.

ಒಂದು ಕ್ಲಿನಿಕ್ಕಿನಲ್ಲಿ ಮುಂದಿನ ಆರು ಹಲ್ಲು ಸವೆಸಿ ವೆನೀರ್ (ಹಲ್ಲಿನ ಮುಂಭಾಗಕ್ಕೆ ಹಚ್ಚುವ ತೆಳು ಪದರ) ಅಂಟಿಸಬೇಕು ಅಂದರು. ಹೇಳಿದ ಮೊತ್ತ ನನ್ನ ಎರಡು ತಿಂಗಳ ಸಂಬಳ. ಇನ್ಶೂರೆನ್ಸ್ ಕೊಡುವುದಿಲ್ಲ, ಅದು ಚಂದಕ್ಕೆ ಮಾಡಿಸುವ ಕೆಲಸ ಅಂತ. ಇದಕ್ಕೆ ಕಡಿಮೆ ಖರ್ಚಿನ ದಾರಿ ಇದೆಯಾ ಡಾಕ್ಟರೇ?

ಜರ್ಮನಿಗೆ ಹೊಸದಾಗಿ ಬರುವವರಿಗೆ ಒಂದು ಮುಖ್ಯ ಮಾತು. ಸರ್ಕಾರಿ ಪದ್ಧತಿಯ ಇನ್ಶೂರೆನ್ಸ್ ಇದ್ದರೆ ಮೊದಲ ವರ್ಷವೇ ಹೋಗಿ ಪರೀಕ್ಷೆ ಮಾಡಿಸಿ, ಬೋನಸ್‌ಹೆಫ್ಟ್ ಅನ್ನುವ ಪುಸ್ತಕದಲ್ಲಿ ಸೀಲ್ ಹಾಕಿಸಿ. ಕ್ಯಾಪ್, ಬ್ರಿಡ್ಜ್ ಬೇಕಾದಾಗ ಸಾಮಾನ್ಯ ಚಿಕಿತ್ಸೆಯ ದರದಲ್ಲಿ ನೂರಕ್ಕೆ 60 ಅವರು ಕೊಡುತ್ತಾರೆ. ಐದು ವರ್ಷ ತಪ್ಪದೆ ಸೀಲ್ ಇದ್ದರೆ 70, ಹತ್ತು ವರ್ಷ ಇದ್ದರೆ 75. ನಾನು ಮೊದಲ ನಾಲ್ಕು ವರ್ಷ ಹೋಗಲೇ ಇಲ್ಲ. ನೋವಿಲ್ಲ, ಯಾಕೆ ಹೋಗಬೇಕು ಅಂತ. ಕೆಲಸ ಶುರುವಾಗುವ ಮುಂಚೆ ಖರ್ಚಿನ ಪಟ್ಟಿ ಇನ್ಶೂರೆನ್ಸ್ ಕಚೇರಿಗೆ ಹೋಗಿ ಒಪ್ಪಿಗೆ ಆಗಿ ಬರಬೇಕು, ಅದಕ್ಕೂ ಮೊದಲು ಕ್ಯಾಪ್ ಹಾಕಿಸಬೇಡಿ.

ಹಲ್ಲಿನ ಡಾಕ್ಟರ್, ಬೆಳಗಾವಿ

ಹುನಗುಂದದ ಅಣ್ಣ, ಇದು ಫ್ಲೋರೋಸಿಸ್. ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಸುಮಾರು ಎಂಟು ವರ್ಷದೊಳಗೆ, ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದ್ದರೆ ಹೀಗಾಗುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ಮಿತಿ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಎಷ್ಟೋ ಬೋರ್‌ವೆಲ್‌ಗಳು ಅದನ್ನು ದಾಟಿವೆ. ನೀವು ಹಲ್ಲು ತಿಕ್ಕಲಿಲ್ಲ ಅಂತಲ್ಲ, ನಿಮ್ಮ ತಪ್ಪು ಇದರಲ್ಲಿ ಏನೂ ಇಲ್ಲ. ದೊಡ್ಡವರಾದ ಮೇಲೆ ಅದು ಹೊಸದಾಗಿ ಬರುವುದೂ ಇಲ್ಲ, ಬೆಳೆಯುವುದೂ ಇಲ್ಲ. ಕಲೆ ಬೇರೆ, ಹುಳುಕು ಬೇರೆ.

ಸೀದಾ ವೆನೀರ್‌ಗೆ ಹೋಗಬೇಡಿ. ಕಲೆ ಮೇಲ್ಪದರದಲ್ಲಿದ್ದರೆ ಮೈಕ್ರೋಅಬ್ರೇಶನ್ ಅಂತ ತೆಳ್ಳಗೆ ಉಜ್ಜಿ ತೆಗೆಯುವ ವಿಧಾನ ಇದೆ, ಜೊತೆಗೆ ಬ್ಲೀಚಿಂಗ್ ಮಾಡಬಹುದು. ಆಳ ಇದ್ದರೆ ಹಲ್ಲಿನ ಬಣ್ಣದ ಕಾಂಪೋಸಿಟ್ ಹಚ್ಚಬಹುದು. ಇವು ಯಾವುದೂ ಸಾಲದಿದ್ದಾಗ ವೆನೀರ್. ಒಮ್ಮೆ ಸವೆಸಿದ ಹಲ್ಲು ಮತ್ತೆ ಬೆಳೆಯುವುದಿಲ್ಲ, ಹತ್ತು ಹದಿನೈದು ವರ್ಷಕ್ಕೊಮ್ಮೆ ವೆನೀರ್ ಬದಲಿಸುತ್ತಲೇ ಇರಬೇಕಾಗುತ್ತದೆ. ನಮ್ಮಲ್ಲಿ ಇಂಥ ಹಲ್ಲು ದಿನಾ ನೋಡುತ್ತೇವೆ, ಅಲ್ಲಿಯವರು ಅಪರೂಪಕ್ಕೆ ನೋಡುತ್ತಾರೆ. ಊರಿಗೆ ಬಂದಾಗ ತೋರಿಸಿ. ಮತ್ತೆ ಕ್ಯಾಮೆರಾ ಹಚ್ಚಿಕೊಂಡೇ ಮಾತಾಡಿ ಅಣ್ಣ.

ಬಾಗಲಕೋಟೆ ವಿದ್ಯಾಗಿರಿ, ಈಗ ಸಿಡ್ನಿ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಎಲ್ಲರೂ ಊರಲ್ಲಿ ಅಗ್ಗ ಅಗ್ಗ ಅನ್ನುತ್ತೀರಿ. ವಿಮಾನದ ಟಿಕೆಟ್, ಸಂಬಳವಿಲ್ಲದ ರಜೆ ಸೇರಿಸಿ ಲೆಕ್ಕ ಹಾಕಿದ್ದೀರಾ? ಬರೀ ಒಂದು ರೂಟ್ ಕೆನಾಲ್‌ಗೆ ಅಂತ ಹಾರಿ ಬಂದರೆ ಉಳಿಯುವುದು ಏನೂ ಇಲ್ಲ. ಹೇಗೂ ಊರಿಗೆ ಬರುತ್ತೀರಿ ಅಂದರೆ ಮಾತು ಬೇರೆ.

ದೊಡ್ಡ ತೊಂದರೆ ಆಮೇಲೆ ಬರುತ್ತದೆ. ಊರಲ್ಲಿ ಇಂಪ್ಲಾಂಟ್ (ದವಡೆ ಎಲುಬಿನಲ್ಲಿ ಕೂರಿಸುವ ಕೃತಕ ಹಲ್ಲು) ಹಾಕಿಸಿಕೊಂಡು ಬಂದೆ. ಎರಡು ವರ್ಷಕ್ಕೆ ಒಳಗಿನ ಸ್ಕ್ರೂ ಸಡಿಲ ಆಯಿತು. ಇಲ್ಲಿಯ ಡಾಕ್ಟರ್ ಯಾವ ಕಂಪನಿಯದು, ಯಾವ ಅಳತೆ ಅಂತ ಕೇಳಿದರು. ನನ್ನ ಬಳಿ ಒಂದು ರಸೀದಿ ಬಿಟ್ಟರೆ ಏನೂ ಇರಲಿಲ್ಲ. ಒಂದೊಂದು ಕಂಪನಿಯ ಸ್ಕ್ರೂಗೂ ಬೇರೆ ಬೇರೆ ಸ್ಪ್ಯಾನರ್ ಬೇಕಂತೆ. ಮೂರು ಕ್ಲಿನಿಕ್ ಅಲೆದೆ. ಬೇರೆಯವರು ಹಾಕಿದ್ದನ್ನು ಮುಟ್ಟುವುದಿಲ್ಲ ಅಂತ ಎರಡು ಕಡೆ ಹೇಳಿ ಕಳಿಸಿದರು. ಊರಿನ ಕ್ಲಿನಿಕ್ಕಿಗೆ ಹತ್ತು ಸಲ ಮೆಸೇಜ್ ಮಾಡಿದೆ, ಉತ್ತರ ಬರಲಿಲ್ಲ. ಆಗ ಅನಿಸಿದ ಅಸಹಾಯಕತೆ ಹೇಳಲು ಆಗುವುದಿಲ್ಲ.

ಆಸ್ಟ್ರೇಲಿಯಾದಲ್ಲಿ ದೊಡ್ಡವರ ಹಲ್ಲಿಗೆ ಇಲ್ಲಿಯ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಸಾಮಾನ್ಯವಾಗಿ ಬರುವುದಿಲ್ಲ. ಎಕ್ಸ್‌ಟ್ರಾಸ್ ಅನ್ನುವ ಬೇರೆ ಪಾಲಿಸಿ ತಗೊಳ್ಳಬೇಕು. ಅದರಲ್ಲೂ ಫಿಲ್ಲಿಂಗ್‌ನಂಥದ್ದಕ್ಕೆ ಸಾಮಾನ್ಯವಾಗಿ ಎರಡು ತಿಂಗಳು, ಕ್ಯಾಪ್‌ನಂಥ ದೊಡ್ಡ ಕೆಲಸಕ್ಕೆ ಹನ್ನೆರಡು ತಿಂಗಳು ಕಾಯಿಸುತ್ತಾರೆ. ನೋವು ಶುರುವಾದ ಮೇಲೆ ಪಾಲಿಸಿ ಹುಡುಕಿ ಪ್ರಯೋಜನ ಇಲ್ಲ, ಬಂದ ವರ್ಷವೇ ಲೆಕ್ಕ ಹಾಕಿ ನೋಡಿ.

ಮುಧೋಳದ ಅಪ್ಪ

ನನ್ನ ಮಗ ಕೆನಡಾದ ಬ್ರಾಂಪ್ಟನ್‌ನಲ್ಲಿದ್ದಾನೆ. ಓದು ಮುಗಿದು ಕೆಲಸಕ್ಕೆ ಸೇರಿದ್ದಾನೆ, ಆದರೆ ಕಂಪನಿಯಲ್ಲಿ ಹಲ್ಲಿನ ಇನ್ಶೂರೆನ್ಸ್ ಇಲ್ಲ. ಬುದ್ಧಿ ಹಲ್ಲು ಅಡ್ಡ ಬೆಳೆದು ಒದ್ದಾಡುತ್ತಿದ್ದಾನೆ. ರಾತ್ರಿ ಎರಡಕ್ಕೆ ಫೋನ್ ಮಾಡಿ ಅಪ್ಪಾ ನೋವು ಅನ್ನುತ್ತಾನೆ, ಇಲ್ಲಿ ಕೂತು ಲವಂಗ ಇಟ್ಟುಕೋ ಅನ್ನುವುದು ಬಿಟ್ಟರೆ ನನಗೇನು ಮಾಡಲು ಬರುತ್ತದೆ. ಅಲ್ಲಿ ಏನಾದರೂ ಸರ್ಕಾರದ ಸಹಾಯ ಇದೆಯಾ?

ಬೆಳಗಾವಿ ಶಹಾಪುರ, ಈಗ ಟೊರೊಂಟೊ

ಅಪ್ಪಾಜಿ, ಇದೆ. ಕೆನಡಿಯನ್ ಡೆಂಟಲ್ ಕೇರ್ ಪ್ಲಾನ್ ಅಂತ. 2025ರಿಂದ ಎಲ್ಲ ವಯಸ್ಸಿನವರಿಗೂ ತೆರೆದಿದೆ. ತೆರಿಗೆಯ ಲೆಕ್ಕದಲ್ಲಿ ಕೆನಡಾ ನಿವಾಸಿಯಾಗಿರಬೇಕು, ಹಿಂದಿನ ವರ್ಷದ ಟ್ಯಾಕ್ಸ್ ರಿಟರ್ನ್ ಹಾಕಿರಬೇಕು, ಕುಟುಂಬದ ನಿವ್ವಳ ಆದಾಯ ವರ್ಷಕ್ಕೆ 90,000 ಡಾಲರ್‌ಗಿಂತ ಕಡಿಮೆ ಇರಬೇಕು, ಬೇರೆ ಹಲ್ಲಿನ ಇನ್ಶೂರೆನ್ಸ್ ಸಿಗುವಂತಿರಬಾರದು. ಪೌರತ್ವ ಬೇಕಿಲ್ಲ. ಆದಾಯ 70,000ಕ್ಕಿಂತ ಕಡಿಮೆ ಇದ್ದರೆ ಪ್ಲಾನಿನ ದರದಲ್ಲಿ ಅವನ ಪಾಲು ಸೊನ್ನೆ. ಡಾಕ್ಟರ್ ದರ ಅದಕ್ಕಿಂತ ಜಾಸ್ತಿ ಇದ್ದರೆ ಮೇಲಿನದ್ದು ಅವನೇ ಕೊಡಬೇಕು, ಮೊದಲೇ ಕೇಳಿಕೊಳ್ಳಲಿ. ಮಗನಿಗೆ ಇವತ್ತೇ ಅರ್ಜಿ ಹಾಕಲು ಹೇಳಿ. ಓದುತ್ತಿರುವ ಮಕ್ಕಳು ಮಾತ್ರ ಗಮನಿಸಿ, ಕಾಲೇಜಿನ ಡೆಂಟಲ್ ಪ್ಲಾನ್ ಇದ್ದರೆ ಇದು ಸಿಗುವುದಿಲ್ಲ.

ಹಲ್ಲಿನ ಡಾಕ್ಟರ್, ಬೆಳಗಾವಿ

ಸಿಡ್ನಿಯವರು ಹೇಳಿದ್ದನ್ನು ನಾನು ಒಪ್ಪುತ್ತೇನೆ. ಡಾಕ್ಟರ್ ಆಗಿ ನನಗೂ ಅದು ಬೇಸರದ ವಿಷಯ. ಮಾಡಿದ ಕೆಲಸದ ದಾಖಲೆ ಕೊಡುವುದು ನಮ್ಮ ಕರ್ತವ್ಯ. ನೀವೂ ಬಿಡದೆ ಕೇಳಿ. ಮೊದಲಿನ ಮತ್ತು ಕೊನೆಯ ಎಕ್ಸ್‌ರೇ, ಯಾವ ಹಲ್ಲಿಗೆ ಏನು ಮಾಡಿದೆವು ಅನ್ನುವ ಬರಹ, ಕ್ಯಾಪ್ ಯಾವುದರದ್ದು, ಇಂಪ್ಲಾಂಟ್ ಆದರೆ ಡಬ್ಬಿಯ ಮೇಲಿನ ಸ್ಟಿಕರ್. ಆ ಸ್ಟಿಕರಿನಲ್ಲಿ ಕಂಪನಿ, ಅಳತೆ, ಲಾಟ್ ನಂಬರ್ ಎಲ್ಲ ಇರುತ್ತದೆ. ಅದನ್ನು ಪಾಸ್‌ಪೋರ್ಟಿನಷ್ಟೇ ಜೋಪಾನವಾಗಿ ಇಡಿ. ಡಾಕ್ಟರ್‌ಗೆ ಕರ್ನಾಟಕ ರಾಜ್ಯ ದಂತ ಪರಿಷತ್ತಿನ ನೋಂದಣಿ ಇದೆಯಾ ಅಂತಲೂ ನೋಡಿ.

ಸಮಯದ ಬಗ್ಗೆ. ರೂಟ್ ಕೆನಾಲ್ ಒಂದರಿಂದ ಮೂರು ಸಲ ಕೂರಬೇಕಾಗುತ್ತದೆ. ಕ್ಯಾಪ್ ಅಳತೆ ಕೊಟ್ಟು ಲ್ಯಾಬ್‌ನಿಂದ ಬರಲು ನಮ್ಮ ಕಡೆ ನಾಲ್ಕರಿಂದ ಎಂಟು ದಿನ. ಹೊಂದದಿದ್ದರೆ ಮತ್ತೆ ಕಳಿಸಬೇಕು. ಅಂದರೆ ಊರಿಗೆ ಇಳಿದ ಎರಡನೇ ದಿನವೇ ಕುರ್ಚಿಯಲ್ಲಿ ಕೂತರೆ ಹತ್ತೊಂಬತ್ತು ದಿನ ಸಾಕು. ಹತ್ತನೇ ದಿನ ಬಂದರೆ ಸಾಲದು. ಹಲ್ಲು ಕೀಳಿಸುವುದಿದ್ದರೆ ವಿಮಾನಕ್ಕೆ ಕಡಿಮೆ ಅಂದರೂ ಒಂದು ವಾರ ಮುಂಚೆ ಮುಗಿಸಿ. ಇಂಪ್ಲಾಂಟ್ ಒಂದೇ ರಜೆಯಲ್ಲಿ ಮುಗಿಯುವ ಕೆಲಸ ಸಾಮಾನ್ಯವಾಗಿ ಅಲ್ಲ. ಎಲುಬು ಅದನ್ನು ಹಿಡಿದುಕೊಳ್ಳಲು ಮೂರರಿಂದ ಆರು ತಿಂಗಳು ಬೇಕು. ಈ ವರ್ಷ ಹಾಕಿಸಿ, ಮುಂದಿನ ರಜೆಗೆ ಕ್ಯಾಪ್. ಒಂದು ವಾರದಲ್ಲಿ ಬಾಯಿ ತುಂಬಾ ಹೊಸ ಹಲ್ಲು ಅನ್ನುವ ಜಾಹೀರಾತು ನೋಡಿ ಬರುವವರಿದ್ದಾರೆ. ಗಟ್ಟಿ ಹಲ್ಲುಗಳನ್ನು ಸುಮ್ನೆ ಸವೆಸಿ ಕ್ಯಾಪ್ ಹಾಕಿಸಿಕೊಂಡು, ವರ್ಷದೊಳಗೆ ನೋವು ಅಂತ ಅಳುತ್ತಾ ಬಂದವರನ್ನು ನಾನು ನೋಡಿದ್ದೇನೆ.

ಹಲ್ಲು ತೊಳೆಸಿದರೆ ಸಡಿಲ ಆಗುತ್ತವೆ, ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ, ಈ ಎರಡು ಮಾತು ಇನ್ನೂ ಕೇಳುತ್ತೇನೆ. ಎರಡೂ ನಿಜ ಅಲ್ಲ. ವರ್ಷಕ್ಕೊಮ್ಮೆ ಊರಿಗೆ ಬಂದಾಗ ತೊಳೆಸಿಕೊಂಡರೆ ಇಲ್ಲಿ ಬರೆದ ಅರ್ಧ ಖರ್ಚು ಬರುವುದೇ ಇಲ್ಲ.

ನವನಗರ, ಬಾಗಲಕೋಟೆ

ಊರಲ್ಲಿರುವ ಅಪ್ಪ ಅಮ್ಮನ ಹಲ್ಲಿನ ಬಗ್ಗೆ ಚಿಂತೆ ಮಾಡುವವರು ಡೆಂಟಲ್ ಕಾಲೇಜುಗಳನ್ನು ಮರೆಯಬೇಡಿ. ಇಲ್ಲಿ ನವನಗರದಲ್ಲಿ ಪಿಎಂಎನ್‌ಎಂ ಕಾಲೇಜು ಇದೆ, ವಿಜಯಪುರದಲ್ಲಿ ಅಲ್ ಅಮೀನ್, ಬೆಳಗಾವಿಯಲ್ಲಿ ಕೆಎಲ್‌ಇ ವಿಶ್ವನಾಥ ಕತ್ತಿ ಕಾಲೇಜು ಮತ್ತು ಮರಾಠಾ ಮಂಡಳದ ಕಾಲೇಜು. ನನ್ನ ಅತ್ತೆಗೆ ಪೂರ್ತಿ ದಂತಪಂಕ್ತಿ ಕಾಲೇಜಿನಲ್ಲೇ ಮಾಡಿಸಿದೆವು. ಐದು ಸಲ ಹೋಗಬೇಕಾಯಿತು, ಒಂದೊಂದು ಸಲ ಅರ್ಧ ದಿನ. ವಿದ್ಯಾರ್ಥಿನಿ ಅಳತೆ ತಗೊಳ್ಳುತ್ತಿದ್ದಳು, ಮೇಡಂ ಬಂದು ನೋಡಿ ಸರಿ ಮಾಡಿಸುತ್ತಿದ್ದರು. ಖರ್ಚು ಹೊರಗಿನ ಕ್ಲಿನಿಕ್ಕಿನ ಅರ್ಧಕ್ಕಿಂತ ಕಡಿಮೆ ಆಯಿತು. ಊರಲ್ಲೇ ಇರುವವರಿಗೆ ಇದು ಒಳ್ಳೆಯದು. ಹದಿನೈದು ದಿನಕ್ಕೆ ಬಂದು ಹೋಗುವವರಿಗೆ ಕಾಲೇಜಿನ ವೇಗ ಹೊಂದುವುದು ಕಷ್ಟ.

ಗುಮ್ಮಟದೂರಿನ ಹುಡುಗಿ, ಮ್ಯಾಂಚೆಸ್ಟರ್

111ಕ್ಕೆ ಮಾಡಿದೆ. ಮೂರನೇ ದಿನಕ್ಕೆ ತುರ್ತು ಅಪಾಯಿಂಟ್‌ಮೆಂಟ್ ಸಿಕ್ಕಿತು, ಬಸ್ಸಿನಲ್ಲಿ ಐವತ್ತು ನಿಮಿಷ ದೂರ. ಹಲ್ಲು ತೆರೆದು ಔಷಧಿ ಇಟ್ಟು ಮುಚ್ಚಿದರು. ಕೊಟ್ಟಿದ್ದು 27.40 ಪೌಂಡ್. ಆ ರಾತ್ರಿ ಒಂದೂವರೆ ತಿಂಗಳಾದ ಮೇಲೆ ನಿದ್ದೆ ಮಾಡಿದೆ. ಎಕ್ಸ್‌ರೇ ಎರಡೂ ಕಡೆಯವು ಇಮೇಲ್‌ಗೆ ಬಂದಿವೆ, ಊರಲ್ಲಿರುವ ನನ್ನ ಅಣ್ಣನಿಗೆ ಕಳಿಸಿದ್ದೇನೆ.

ಗುಮ್ಮಟದೂರಿನ ಹುಡುಗಿ, ವಿಜಯಪುರದಿಂದ

ಜನವರಿಯ ಮಾತು ಹೇಳಿಬಿಡುತ್ತೇನೆ, ಮುಂದೆ ಓದುವವರಿಗೆ ಬೇಕಾಗಬಹುದು. ಇಳಿದ ಮರುದಿನಕ್ಕೇ ಅಣ್ಣ ಅಪಾಯಿಂಟ್‌ಮೆಂಟ್ ಮಾಡಿಸಿದ್ದ. ರೂಟ್ ಕೆನಾಲ್ ಎರಡು ಸಲ ಕೂತು ಮುಗಿಯಿತು, 4,500 ರೂಪಾಯಿ. ಜಾತ್ರೆಯ ದಿನಗಳಲ್ಲಿ ಕ್ಲಿನಿಕ್ಕೂ ಮುಚ್ಚಿತ್ತು, ಲ್ಯಾಬೂ ಮುಚ್ಚಿತ್ತು, ಹಾಗಾಗಿ ಕ್ಯಾಪ್ ಬರಲು ಒಂಬತ್ತು ದಿನ ಹಿಡಿಯಿತು. ಜಿರ್ಕೋನಿಯಾ ಕ್ಯಾಪ್, 8,000. ಮೊದಲ ಸಲ ಕಚ್ಚಿದಾಗ ಸ್ವಲ್ಪ ಎತ್ತರ ಅನಿಸಿತು. ಪರವಾಗಿಲ್ಲ ಅಂತ ಸುಮ್ಮನಿರಲಿಲ್ಲ, ಮರುದಿನವೇ ಹೋಗಿ ಸವೆಸಿಕೊಂಡು ಬಂದೆ. ಕೊನೆಯ ಎಕ್ಸ್‌ರೇ, 36 ಅಂತ ನಂಬರ್ ಹಾಕಿದ ಚೀಟಿ, ಕ್ಯಾಪಿನ ವಾರಂಟಿ ಕಾರ್ಡ್ ಮೂರೂ ಕೈಯಲ್ಲಿವೆ.

ಅಪ್ಪನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದೆ. ಅವರಿಗೆ ಮೂರು ಹಲ್ಲು ಹುಳುಕು, ಒಂದು ಅಲುಗಾಡುತ್ತಿದೆ. ಹನ್ನೆರಡು ವರ್ಷದಿಂದ ಡಾಕ್ಟರ್ ಹತ್ತಿರ ಹೋಗಿಲ್ಲವಂತೆ. ಜೂನ್‌ನಲ್ಲಿ ಅವರು ನನ್ನ ಹತ್ತಿರ ಬರುವವರಿದ್ದಾರೆ, ಅದಕ್ಕೇ ಅಥಣಿ ರಸ್ತೆಯ ಡೆಂಟಲ್ ಕಾಲೇಜಿನಲ್ಲಿ ಮಂಗಳವಾರದಿಂದ ಶುರು ಮಾಡಿಸಿದ್ದೇವೆ. ಪ್ರತಿ ವಾರ ಅಣ್ಣ ಕರೆದುಕೊಂಡು ಹೋಗುತ್ತಾನೆ. ಮುಧೋಳದ ಅಪ್ಪಾಜಿ, ನಿಮ್ಮ ಮಗನ ಅರ್ಜಿ ಏನಾಯಿತು?

ಮುಧೋಳದ ಅಪ್ಪ

ಒಪ್ಪಿಗೆ ಆಗಿ ಬಂದಿದೆ ಮಗಳೇ. ಹೋದ ಶುಕ್ರವಾರ ಬುದ್ಧಿ ಹಲ್ಲು ತೆಗೆದರು. ಮೂರು ದಿನ ಗಂಜಿ ಕುಡಿದನಂತೆ. ಈಗ ರಾತ್ರಿ ಫೋನ್ ಬರುತ್ತಿಲ್ಲ.